ಬೌಲಿಂಗ್ ಲೇನಿನ ಕಾಣದ ಎಣ್ಣೆ

ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಟೆನ್‌ಪಿನ್ ಬೌಲಿಂಗಿನಲ್ಲಿ ಚೆಂಡು ಕೊನೆಗಳಿಗೆಯಲ್ಲಿ ಗಕ್ಕನೆ ಒಳಕ್ಕೆ ತಿರುಗಿದಾಗ ನೋಡುಗರು ಹೊಗಳುವುದು ಆಟಗಾರನ ಮಣಿಕಟ್ಟನ್ನು. ಮಣಿಕಟ್ಟು ಕೊಡುವುದು ಗಿರಕಿ ಮಾತ್ರ. ತಿರುವು ಎಲ್ಲಿ ಬರಬೇಕೆಂದು ತೀರ್ಮಾನಿಸುವುದು ನೆಲದ ಎಣ್ಣೆ.

ಚೆಂಡು ಸಾಗುವ ಹಾದಿಯೇ ಲೇನ್. ಆಟಗಾರ ದಾಟಬಾರದ ಫೌಲ್ ಲೈನಿನಿಂದ ಮೊದಲ ಪಿನ್ನಿಗೆ 60 ಅಡಿ, ಅಗಲಕ್ಕೆ ಅಕ್ಕಪಕ್ಕ ಜೋಡಿಸಿದ 39 ಪಟ್ಟಿ. ಸ್ಪರ್ಧೆಗೆ ಮುಂಚೆ ಯಂತ್ರವೊಂದು ಹಳೆಯ ಎಣ್ಣೆ ತೊಳೆದು, ಲೇನಿಗೆ 20–30 ಮಿ.ಲೀ.ನಷ್ಟು ಖನಿಜ ತೈಲ ಸವರುತ್ತದೆ. ಸಾಮಾನ್ಯವಾಗಿ 35ರಿಂದ 45 ಅಡಿವರೆಗೆ. ಆಚೆಗೆ ಒಣ. ಮೇಪಲ್, ಪೈನ್ ಮರದ ನೆಲ ಸವೆಯದಿರಲೆಂದು ಶುರುವಾದ ಪದ್ಧತಿಯಿದು.

ನೆಲದ ಹಿಡಿತವನ್ನು ಅಳೆಯುವ ಘರ್ಷಣಾ ಗುಣಾಂಕ ಎಣ್ಣೆಯಲ್ಲಿ ಸುಮಾರು 0.04, ಒಣ ಭಾಗದಲ್ಲಿ 0.2ರ ಆಸುಪಾಸು. ಹಾಗಾಗಿ ಎಣ್ಣೆಯ ಮೇಲೆ ಚೆಂಡು ಗಿರಗಿರನೆ ಸುತ್ತುತ್ತಲೇ ಬಹುತೇಕ ನೇರ ಜಾರುತ್ತದೆ. ಒಣ ನೆಲ ಸಿಕ್ಕೊಡನೆ ಅದರ ತಳ ಕಚ್ಚಿಕೊಂಡು ಗಿರಕಿಯ ದಿಕ್ಕಿಗೆ ಬಾಗುತ್ತದೆ. ಜಾರುವುದು ಪೂರ್ತಿ ನಿಂತು ಬರೀ ಉರುಳುವಿಕೆ ಉಳಿದರೆ ಬಾಗುವುದೂ ನಿಂತಿತು. ಬಲಗೈ ಆಟಗಾರನ ಚೆಂಡು ಒಂದು ಮತ್ತು ಮೂರನೇ ಪಿನ್ನಿನ ನಡುವೆ ಸುಮಾರು 6 ಡಿಗ್ರಿ ಕೋನದಲ್ಲಿ ನುಗ್ಗಿದರೆ ಸ್ಟ್ರೈಕಿಗೆ, ಅಂದರೆ ಒಂದೇ ಎಸೆತಕ್ಕೆ ಹತ್ತೂ ಪಿನ್ ಬೀಳಿಸುವುದಕ್ಕೆ, ಉತ್ತಮ. ತೀರಾ ಬೇಗ ಉರುಳತೊಡಗಿದ ಚೆಂಡು ಬಲ ಕಳೆದುಕೊಂಡು, ಬಲಗೈ ಆಟಗಾರನಿಗೆ 10ನೇ ಪಿನ್ ಉಳಿಸಿಬಿಡುತ್ತದೆ.

ಚೆಂಡು ಯಾವ ಪಟ್ಟಿಯ ಮೇಲೆ ಎಣ್ಣೆ ದಾಟಿ ತಿರುಗಬೇಕೆಂಬುದಕ್ಕೊಂದು ಸುಲಭ ಲೆಕ್ಕವಿದೆ: ಅಡಿಗಳಲ್ಲಿ ಎಣ್ಣೆಯ ಉದ್ದದಿಂದ 31 ಕಳೆಯಿರಿ. 40 ಅಡಿ ಎಣ್ಣೆಯಾದರೆ, ಬಲಗೈಯವರಿಗೆ ಬಲದಿಂದ 9ನೇ ಪಟ್ಟಿ.

ಮಾಲ್‌ಗಳ ಲೇನಿನಲ್ಲಿ ನಡುವೆ ಎಣ್ಣೆ ದಟ್ಟ, ಅಂಚಿನಲ್ಲಿ ತೆಳು. ಅನುಪಾತ 8:1, 10:1 ಮುಟ್ಟುವುದುಂಟು. ಹೊರಗೆ ತಪ್ಪಿದ ಚೆಂಡನ್ನು ಒಣ ಅಂಚು ಮರಳಿ ತರುತ್ತದೆ, ಒಳಗೆ ಬಿದ್ದದ್ದನ್ನು ಎಣ್ಣೆ ಹಿಡಿದಿಡುತ್ತದೆ. ಗಂಭೀರ ಸ್ಪರ್ಧೆಗಳ ಎಣ್ಣೆ ವಿನ್ಯಾಸವಾದ ಸ್ಪೋರ್ಟ್ ಪ್ಯಾಟರ್ನಿನಲ್ಲಿ ಅನುಪಾತ ಸಾಮಾನ್ಯವಾಗಿ 3:1ರೊಳಗೆ. ಅಲ್ಲಿ ತಪ್ಪಿದರೆ ತಪ್ಪಿದ್ದೇ. ಮಾಲಿನಲ್ಲಿ ಒಂದು ಆಟಕ್ಕೆ 200 ಅಂಕ ದಾಟಿದವರ ಸಂಭ್ರಮದಲ್ಲಿ ಅರ್ಧ ಪಾಲು ಈ ಎಣ್ಣೆಯದು!

ಚೆಂಡಿನದೂ ಪಾತ್ರವಿದೆ: ಮೆತ್ತಗಿನ ಹೊರಪದರಕ್ಕೆ ಹಿಡಿತ ಹೆಚ್ಚು. 1973ರಲ್ಲಿ ಆಟಗಾರ ಡಾನ್ ಮೆಕ್ಯೂನ್ ಪ್ಲಾಸ್ಟಿಕ್ ಚೆಂಡುಗಳನ್ನು ರಾಸಾಯನಿಕದಲ್ಲಿ ನೆನೆಸಿ ಮೆದುಮಾಡಿ ಅಮೆರಿಕದ ವೃತ್ತಿಪರ ಪಿಬಿಎ ಟೂರಿನಲ್ಲಿ 6 ಪ್ರಶಸ್ತಿ ಬಾಚಿಕೊಂಡರು. ಆಮೇಲೆ ಗಡಸುತನಕ್ಕೆ ನಿಯಮ ಬಂತು. 1990ರ ದಶಕದ ರಿಯಾಕ್ಟಿವ್ ರೆಸಿನ್ ಚೆಂಡುಗಳಂತೂ ಸೂಕ್ಷ್ಮ ರಂಧ್ರಗಳಿಂದ ಎಣ್ಣೆಯನ್ನೇ ಹೀರುತ್ತವೆ.

ಹೀಗಾಗಿ ಕ್ರಿಕೆಟ್ ಪಿಚ್ಚಿನಂತೆ ಲೇನೂ ಆಟದ ನಡುವೆಯೇ ಬದಲಾಗುತ್ತದೆ. ಚೆಂಡು ಬೇಗ ತಿರುಗತೊಡಗಿದರೆ ಬಲಗೈಯವರು ಕಾಲನ್ನು 2 ಪಟ್ಟಿ, ಗುರಿಯನ್ನು 1 ಪಟ್ಟಿ ಎಡಕ್ಕೆ ಸರಿಸುತ್ತಾರೆ. ಯುರೆಥೇನ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ ಹೊರಪದರದ ಚೆಂಡುಗಳು ಎಣ್ಣೆಯನ್ನು ಹೀರದೆ ಮುಂದಕ್ಕೆ ಎಳೆದೊಯ್ಯುತ್ತವೆ. ಆಗ ತಿರುವು ತಡವಾಗುತ್ತದೆ. ಸ್ಪರ್ಧೆಯ ನಡುವೆ ಹಿಡಿತ ಬದಲಿಸಲು ಚೆಂಡಿನ ಮೈ ಉಜ್ಜುವಂತಿಲ್ಲ. ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆ ಯುಎಸ್‌ಬಿಸಿ 2019ರ ಆಗಸ್ಟಿನಲ್ಲಿ ದ್ರವ ಹಾಕಿ ಒರೆಸುವುದನ್ನೂ ನಿಷೇಧಿಸಿತು. ಆಗ ಕೈಯಲ್ಲುಳಿದದ್ದು ಒಣ ಟವಲ್ ಮತ್ತು ಬ್ಯಾಗಿನಲ್ಲಿರುವ ಇನ್ನೊಂದು ಚೆಂಡು.