ಬೇಲ್ ಆಯ್ತು, ಹುಡುಗ ಯಾಕೆ ಇನ್ನೂ ಬರ್ಲಿಲ್ಲ?

"ಸಾರ್, ಬೇಲ್ ಆಯ್ತು ಅಂದ್ರಿ, ಹುಡುಗ ಯಾಕೆ ಇನ್ನೂ ಬರ್ಲಿಲ್ಲ?"

ಆ ತಾಯಿ ಇದನ್ನು ಕೇಳಿದ್ದು ಮೂರನೇ ಸಲ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ನಾಲ್ಕು ಮಡಿಕೆಯ ಪಹಣಿ. ಒಂದು ಎಕರೆ ಜಮೀನು, ಉಳುತ್ತಿರುವವರು ಅವರೇ. ಆದರೆ ಪಹಣಿಯಲ್ಲಿ ಇದ್ದದ್ದು ತೀರಿಹೋದ ಮಾವನ ಹೆಸರು. ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆ ಮಾಡಿಸಿರಲಿಲ್ಲ. ಆ ಪಹಣಿ ಮೇಲೆ ಅವರು ಶ್ಯೂರಿಟಿ, ಎಂದರೆ ಮಗ ಕೋರ್ಟಿಗೆ ಬರುತ್ತಾನೆಂಬ ಹೊಣೆ, ನಿಲ್ಲುವಂತಿರಲಿಲ್ಲ. ಊರಿನಲ್ಲಿ ಬೇರೆ ಯಾರೂ ಮುಂದೆ ಬರಲಿಲ್ಲ. ಮಗನ ಮೇಲಿದ್ದದ್ದು ಕಳ್ಳತನದ ಕೇಸು. ಜಾಮೀನು ಮಂಜೂರಾದ ಮೇಲೂ ಐದು ತಿಂಗಳು ಒಳಗೇ ಇದ್ದ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ ನಾಲ್ವರಲ್ಲಿ ಮೂವರ ಮೇಲಿನ ಕೇಸು ಇನ್ನೂ ತೀರ್ಮಾನವಾಗಿರಲಿಲ್ಲ. ಯಾಕೆ ಇಷ್ಟು ತಡ? ಸಾಕ್ಷಿಗೆ ಸಮನ್ಸ್ ಮುಟ್ಟಿರುವುದಿಲ್ಲ, ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಬಂದಿರುವುದಿಲ್ಲ, ತನಿಖಾಧಿಕಾರಿಗೆ ವರ್ಗವಾಗಿರುತ್ತದೆ. ನಾವು ವಕೀಲರೂ ವಾಯಿದೆ ಕೇಳುತ್ತೇವೆ, ಅದನ್ನೂ ಒಪ್ಪಿಕೊಳ್ಳಬೇಕು.

ಮನೆಯವರು ಮೊದಲು ನೋಡಬೇಕಾದದ್ದು ದಿನದ ಲೆಕ್ಕ. 60 ದಿನದಲ್ಲಿ, ದೊಡ್ಡ ಅಪರಾಧವಾದರೆ 90 ದಿನದಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಆರೋಪಿಯ ಹಕ್ಕು. ಸುಮ್ನೆ ಕೂತರೆ ಸಿಗಲ್ಲ, ಚಾರ್ಜ್‌ಶೀಟ್ ಬರುವ ಮುಂಚೆಯೇ ಅರ್ಜಿ ಹಾಕಬೇಕು.

ಚಾರ್ಜ್‌ಶೀಟ್ ಬಂದಮೇಲೆ ನೆರವಿಗೆ ಬರುವುದು, ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಹೊಸ ಕಾಯ್ದೆಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು. ಮೂರು ವರ್ಷದವರೆಗೆ ಶಿಕ್ಷೆಯಿರುವ ಕಳ್ಳತನವಾದರೆ ಒಂದು ವರ್ಷ. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಜಾಸ್ತಿ ಕೇಸು ಬಾಕಿಯಿರುವವರಿಗೂ ಇದು ಅನ್ವಯಿಸದು. ಅವಧಿ ಮುಗಿದ ತಕ್ಷಣ ಕೋರ್ಟಿಗೆ ಬರೆಯಬೇಕಾದವರು ಜೈಲಿನ ಸೂಪರಿಂಟೆಂಡೆಂಟ್. ಹೊಸ ಕಾಯ್ದೆ 2024ರ ಜುಲೈ 1ರಂದು ಬಂತು, ಆದರೆ ಈ ಕಲಂ ಹಳೆಯ ಕೇಸುಗಳಿಗೂ ಅನ್ವಯ ಎಂದು ಅದೇ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೊದಲ ಸಲದವರನ್ನು 'ಬಾಂಡ್' ಮೇಲೆ ಬಿಡಬೇಕು ಎಂದಿದೆ ಕಲಂ. ಬಾಂಡ್ ಎಂದರೆ ಶ್ಯೂರಿಟಿಯಿಲ್ಲದ ಸ್ವಂತ ಮುಚ್ಚಳಿಕೆ ಎಂದು ಕಾಯ್ದೆಯೇ ಅರ್ಥ ಕೊಟ್ಟಿದೆ. ಪಹಣಿಯ ಮಾತೇ ಬರಬಾರದು, ಅಲ್ವಾ?

ಈ ಮಾತು ಹೊಸದೇನಲ್ಲ. 1978ರ ಮೋತಿರಾಮ್ ಪ್ರಕರಣದಲ್ಲಿ ಗಾರೆ ಕೆಲಸದವನೊಬ್ಬನಿಗೆ 10,000 ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಒಡಹುಟ್ಟಿದವನು ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯದ್ದೆಂದು ತಳ್ಳಿಹಾಕಿದರು. ಸುಪ್ರೀಂ ಕೋರ್ಟ್ 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಿಸಿತು. 2023ರ ಜನವರಿಯಲ್ಲಿ ಅದೇ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿದೆ: ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ಕೋರ್ಟ್ ತಾನಾಗಿಯೇ ನೋಡಬಹುದು.

ಆ ಹುಡುಗನಿಗೂ ನಾನು ಷರತ್ತು ಸಡಿಲಿಸಿ ಎಂದೇ ಅರ್ಜಿ ಹಾಕಿದೆ. ಒಂದೂವರೆ ಪುಟ. ಅದೇ ವಾರ ಹೊರಗೆ ಬಂದ. ಶ್ಯೂರಿಟಿ ಇವತ್ತಲ್ಲ ನಾಳೆ ಸಿಕ್ಕೀತು ಎಂದು ಕಾಯುತ್ತಾ ಕೂತವನು ನಾನು. ಮೊದಲ ತಿಂಗಳೇ ಹಾಕಬೇಕಿತ್ತು.