1.67 ನಿಮ್ಮ ಕಣ್ಣಿನ ನಂಬರ್ ಅಲ್ಲ

ಕನ್ನಡಕದ ಅಂಗಡಿಯಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ. ಬಿಲ್ ಕೈಗೆ ಬಂದ ಕೂಡಲೇ ಗಿರಾಕಿಯ ಹುಬ್ಬು ಗಂಟಾಗುತ್ತದೆ. ‘ಸರ್, ನನ್ನ ನಂಬರ್ ಮೈನಸ್ ಆರು. ಇಲ್ಲಿ 1.67 ಅಂತ ಇದೆಯಲ್ಲ, ಬೇರೆಯವರ ಲೆನ್ಸ್ ಹಾಕಿಬಿಟ್ಟಿರಾ?’

ಮೈನಸ್ ಆರು ಕಣ್ಣಿನ ಲೆಕ್ಕ. 1.67 ಪ್ಲಾಸ್ಟಿಕ್ಕಿನ ಲೆಕ್ಕ. ಆ ಪ್ಲಾಸ್ಟಿಕ್ ಒಳಗೆ ಬೆಳಕು ಎಷ್ಟು ನಿಧಾನವಾಗುತ್ತದೆ ಎಂದು ಅದು ಹೇಳುತ್ತದೆ. ಅದಕ್ಕೆ ಇಂಡೆಕ್ಸ್ ಎನ್ನುತ್ತಾರೆ. ಗಾಳಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಸಾಧಾರಣ ಪ್ಲಾಸ್ಟಿಕ್ ಲೆನ್ಸಿನ ಇಂಡೆಕ್ಸ್ 1.5. ಅದರೊಳಗೆ ವೇಗ 2 ಲಕ್ಷಕ್ಕೆ ಇಳಿಯುತ್ತದೆ. 1.67ರಲ್ಲಿ ಇನ್ನೂ ಕಡಿಮೆ, ಸುಮಾರು 1.8 ಲಕ್ಷ.

ನಿಧಾನವಾದರೆ ಬಾಗುವುದು ಯಾಕೆ? ಹಳ್ಳಿ ರಸ್ತೆಯಲ್ಲಿ ಕಾರು ಓಡಿಸಿದವರಿಗೆ ಇದು ಗೊತ್ತಿರುತ್ತದೆ. ಎದುರಿಗೆ ಬಸ್ಸು ಬಂತು ಎಂದು ಪಕ್ಕಕ್ಕೆ ಸರಿದಾಗ ಎಡಗಡೆಯ ಚಕ್ರ ಟಾರಿನಿಂದ ಮರಳಿಗೆ ಇಳಿಯುತ್ತದೆ. ಆ ಚಕ್ರ ನಿಧಾನವಾಯಿತು, ಬಲಗಡೆಯದು ಇನ್ನೂ ಟಾರಿನ ಮೇಲೇ ಜೋರಾಗಿ ಉರುಳುತ್ತಿದೆ. ಸ್ಟೀರಿಂಗ್ ತಾನಾಗಿಯೇ ಎಡಕ್ಕೆ ಎಳೆಯುತ್ತದೆ, ಅಲ್ವಾ? ಓರೆಯಾಗಿ ಬಂದ ಬೆಳಕಿಗೂ ಹಾಗೆಯೇ ಆಗುತ್ತದೆ. ಎರಡೂ ಚಕ್ರ ಒಟ್ಟಿಗೆ ಮರಳಿಗೆ ಇಳಿದರೆ ಕಾರು ನಿಧಾನವಾಗುತ್ತದೆ ಅಷ್ಟೇ, ತಿರುಗುವುದಿಲ್ಲ. ನೇರವಾಗಿ ಬಿದ್ದ ಬೆಳಕೂ ಬಾಗುವುದಿಲ್ಲ.

ಶಾಲೆಯಲ್ಲಿ ‘ವಕ್ರೀಭವನ’ ಎಂದು ಬಾಯಿಪಾಠ ಮಾಡಿಸಿದ್ದು ಇದನ್ನೇ. ಕೋನದ ಲೆಕ್ಕಕ್ಕೆ ಡಚ್ ಗಣಿತಜ್ಞ ಸ್ನೆಲ್ ಹೆಸರು ಅಂಟಿಕೊಂಡಿದೆ. ಅವನು ಅದನ್ನು ಕಂಡುಕೊಂಡಿದ್ದು 1621ರಲ್ಲಿ. ಆದರೆ 984ರ ಸುಮಾರಿಗೇ ಬಾಗ್ದಾದಿನ ಇಬ್ನ್ ಸಹ್ಲ್ ಇದೇ ಲೆಕ್ಕವನ್ನು ಬಳಸಿದ್ದ, ಅದೂ ಲೆನ್ಸಿನ ಆಕಾರ ಗೊತ್ತುಮಾಡುವುದಕ್ಕೆ. ನಮ್ಮ ಕಸುಬಿನವನು ಎಂದು ನನಗೆ ಅವನ ಮೇಲೆ ಸ್ವಲ್ಪ ಜಾಸ್ತಿಯೇ ಅಭಿಮಾನ.

ಗಿರಾಕಿಗಳಿಗೆ ಹೇಳಿ ಒಪ್ಪಿಸಲು ಕಷ್ಟವಾಗುವ ಮಾತು ಬೇರೆಯೇ ಇದೆ. ಬೆಳಕು ಬಾಗುವುದು ಗಾಜಿನ ಹೊಟ್ಟೆಯಲ್ಲಿ ಅಲ್ಲ, ಗಡಿಯಲ್ಲಿ. ಗಡಿಯ ಆಚೆ ಈಚೆ ಇರುವ ವಸ್ತುಗಳ ಇಂಡೆಕ್ಸ್ ನಡುವೆ ಎಷ್ಟು ವ್ಯತ್ಯಾಸವೋ ಅಷ್ಟು ಬಾಗು. ವ್ಯತ್ಯಾಸ ಇಲ್ಲದಿದ್ದರೆ ಗಡಿಯೇ ಕಾಣುವುದಿಲ್ಲ. ಇದನ್ನು ತೋರಿಸಲೆಂದೇ ಕೌಂಟರ್ ಕೆಳಗೆ ಗ್ಲಿಸರಿನ್ ತುಂಬಿದ ಒಂದು ಲೋಟ ಇಟ್ಟಿದ್ದೇನೆ. ಅದರೊಳಗೆ ಬೋರೋಸಿಲಿಕೇಟ್ ಗಾಜಿನ ಕಡ್ಡಿ ಅದ್ದಿದರೆ ಮುಳುಗಿದ ಭಾಗ ಮಾಯವಾಗುತ್ತದೆ. ಎರಡರ ಇಂಡೆಕ್ಸೂ ಹತ್ತಿರ ಹತ್ತಿರ 1.47. ಮಕ್ಕಳು ಕಡ್ಡಿ ಕರಗಿತು ಎಂದುಕೊಳ್ಳುತ್ತಾರೆ. ದೊಡ್ಡವರೂ ಒಮ್ಮೆ ಕೈ ಹಾಕಿ ನೋಡುತ್ತಾರೆ!

ಕನ್ನಡಕದ ಲೆನ್ಸನ್ನು ನೀರಿಗೆ ಅದ್ದಿದರೂ ಅರ್ಧ ಮಾಯವಾದಂತೆಯೇ. ಗಾಳಿಯ ಇಂಡೆಕ್ಸ್ ಹೆಚ್ಚುಕಡಿಮೆ 1, ನೀರಿನದು 1.33. 1.5ರ ಲೆನ್ಸಿಗೆ ಗಾಳಿಯ ಜೊತೆ 0.5 ಇದ್ದ ವ್ಯತ್ಯಾಸ ನೀರಿನ ಜೊತೆ 0.17ಕ್ಕೆ ಇಳಿಯುತ್ತದೆ. ಅಂದರೆ ಮೈನಸ್ ಆರರ ಲೆನ್ಸ್ ನೀರೊಳಗೆ ಬರೀ ಮೈನಸ್ ಎರಡರಷ್ಟು ಕೆಲಸ ಮಾಡುತ್ತದೆ. ನಮ್ಮ ಕಣ್ಣಿಗಂತೂ ಇನ್ನೂ ದೊಡ್ಡ ಹೊಡೆತ. ಕಣ್ಣಿನ ಒಟ್ಟು ಪವರ್ ಸುಮಾರು 60 ಡಯಾಪ್ಟರ್. ಕನ್ನಡಕದ ನಂಬರ್ ಅಳೆಯುವುದೂ ಇದೇ ಡಯಾಪ್ಟರ್‌ನಲ್ಲಿ. ಅದರಲ್ಲಿ 43ರಷ್ಟು ಬರುವುದು ಒಳಗಿನ ಲೆನ್ಸಿನಿಂದಲ್ಲ, ಮುಂದಿನ ಪಾರದರ್ಶಕ ಪೊರೆ ಕಾರ್ನಿಯಾದಿಂದ. ಕಾರ್ನಿಯಾದ ಇಂಡೆಕ್ಸ್ 1.376, ನೀರಿಗೆ ತೀರಾ ಹತ್ತಿರ. ಕೆರೆಗೆ ಧುಮುಕಿ ಕಣ್ಣು ಬಿಟ್ಟರೆ ಎಲ್ಲ ಮಂಜು ಮಂಜು ಕಾಣುವುದು ಅದಕ್ಕೇ. ಈಜುವ ಗಾಗಲ್ಸ್ ಕಣ್ಣಿನ ಮುಂದೆ ಒಂದು ಹಿಡಿ ಗಾಳಿ ಉಳಿಸಿಕೊಡುತ್ತದೆ. ಗಾಳಿ ಬಂತು, ಗಡಿ ಬಂತು, ದೃಷ್ಟಿಯೂ ಬಂತು.

ಮೀನಿಗೆ ಈ ಭಾಗ್ಯ ಇಲ್ಲ. ಅದರ ಕಾರ್ನಿಯಾ ನೀರಲ್ಲಿ ಹೆಚ್ಚುಕಡಿಮೆ ದಂಡ. ಬೆಳಕು ಬಾಗಿಸುವ ಪೂರ್ತಿ ಕೆಲಸ ಒಳಗಿನ ಲೆನ್ಸಿನದು. ಅದಕ್ಕೇ ಆ ಲೆನ್ಸ್ ಗೋಲಿಯಂತೆ ಗುಂಡಗೆ. ಮೀನಿನ ತಲೆಯ ಸಾರು ಮಾಡುವ ಮನೆಯಲ್ಲಿ ಕಣ್ಣಿನಿಂದ ಉದುರುವ ಬಿಳಿ ಮುತ್ತು ನೋಡಿರುತ್ತೀರಿ. ಬೆಂದು ಬೆಳ್ಳಗಾದ ಲೆನ್ಸ್ ಅದು.

ಇನ್ನು ‘ಥಿನ್ ಲೆನ್ಸ್’ ವಿಷಯ. ಇಂಡೆಕ್ಸ್ ಜಾಸ್ತಿ ಇದ್ದರೆ ಅಷ್ಟೇ ಪವರ್‌ಗೆ ಉಬ್ಬುತಗ್ಗು ಕಡಿಮೆ ಸಾಕು. ಲೆನ್ಸ್ ತೆಳ್ಳಗಾಗುತ್ತದೆ. 1.5ರ ಬದಲು 1.67 ಹಾಕಿದರೆ ಆ ಉಬ್ಬುತಗ್ಗು ಕಾಲು ಭಾಗ ಕಡಿಮೆಯಾಗುತ್ತದೆ. ಸೋಡಾಬುಡ್ಡಿ ಎಂದು ಕರೆಸಿಕೊಂಡು ಬೆಳೆದವರಿಗೆ ಅದರ ಬೆಲೆ ಗೊತ್ತು. ಆದರೆ ದುಡ್ಡು ಕೊಟ್ಟು ಇಂಡೆಕ್ಸ್ ಏರಿಸುವ ಮೊದಲು ಫ್ರೇಮ್ ನೋಡಿ. ಮೈನಸ್ ಲೆನ್ಸಿನ ಅಂಚಿನ ದಪ್ಪ ಅಗಲದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೈನಸ್ ಆರಕ್ಕೆ, 50 ಮಿಲಿಮೀಟರ್ ಅಗಲದ 1.5 ಲೆನ್ಸಿನ ಅಂಚು ಮಧ್ಯಕ್ಕಿಂತ ಸುಮಾರು 3.8 ಮಿಲಿಮೀಟರ್ ದಪ್ಪ. ಅದೇ ಅಗಲದಲ್ಲಿ 1.67 ಹಾಕಿದರೆ 2.8. ಇಂಡೆಕ್ಸ್ 1.5 ಆಗಿಯೇ ಇಟ್ಟುಕೊಂಡು ಅಗಲವನ್ನು 40ಕ್ಕೆ ಇಳಿಸಿದರೆ? 2.4! ಚಿಕ್ಕ ಫ್ರೇಮಿಗೆ ಎಕ್ಸ್‌ಟ್ರಾ ಚಾರ್ಜ್ ಇಲ್ಲ. ಇದನ್ನು ಹೇಳಿದರೆ ಅಂಗಡಿಯವನಿಗೆ ಲಾಭ ಕಡಿಮೆ, ಅದು ಬೇರೆ ಮಾತು.

ಹೈ ಇಂಡೆಕ್ಸಿಗೆ ಎರಡು ಚಿಕ್ಕ ತಕರಾರುಗಳೂ ಇವೆ. ಒಂದು, ಹೊಳಪು. ಗಡಿ ಬಲವಾದಷ್ಟೂ ಅಲ್ಲಿಂದ ವಾಪಸ್ ಚಿಮ್ಮುವ ಬೆಳಕೂ ಜಾಸ್ತಿ. 1.5ರಲ್ಲಿ ಒಂದೊಂದು ಮೇಲ್ಮೈಯಿಂದ ಶೇಕಡಾ 4, 1.67ರಲ್ಲಿ ಶೇಕಡಾ 6ಕ್ಕೂ ಹೆಚ್ಚು. ಆದ್ದರಿಂದ ಅದಕ್ಕೆ ಆ್ಯಂಟಿ ರಿಫ್ಲೆಕ್ಷನ್ ಕೋಟಿಂಗ್ ಬೇಕೇ ಬೇಕು. ಇನ್ನೊಂದು, ಬಣ್ಣ. ನೀಲಿ ಬೆಳಕು ಕೆಂಪಿಗಿಂತ ಜಾಸ್ತಿ ಬಾಗುತ್ತದೆ. ಕೆಲವು ವಸ್ತುಗಳಲ್ಲಿ ಈ ಒಡಕು ಹೆಚ್ಚು. ಅದನ್ನು ಅಳೆಯುವ ಅಬ್ಬೆ ಸಂಖ್ಯೆ ಸಾಧಾರಣ ಪ್ಲಾಸ್ಟಿಕ್ಕಿನಲ್ಲಿ 58, ಪಾಲಿಕಾರ್ಬೊನೇಟಿನಲ್ಲಿ 30. ಸಂಖ್ಯೆ ಕಡಿಮೆಯಾದಷ್ಟೂ ಬಣ್ಣ ಒಡೆಯುವುದು ಜಾಸ್ತಿ. ಶುರುವಿನ ದಿನಗಳಲ್ಲಿ ನಾನು ಮೈನಸ್ ಏಳರ ಟೈಲರ್ ಒಬ್ಬರಿಗೆ ಬಿದ್ದರೂ ಒಡೆಯುವುದಿಲ್ಲ ಎಂದು ಹೊಗಳಿ ಪಾಲಿಕಾರ್ಬೊನೇಟ್ ಕೊಟ್ಟಿದ್ದೆ. ಮೂರೇ ದಿನಕ್ಕೆ ವಾಪಸ್ ಬಂದರು. ‘ಟ್ಯೂಬ್‌ಲೈಟಿನ ಅಂಚಿಗೆ ನೀಲಿ ದಾರ ಹೊಲಿದ ಹಾಗೆ ಕಾಣುತ್ತದೆ’ ಎಂದರು. ದಾರದ ಬಣ್ಣ ನೋಡಿಯೇ ಬದುಕುವವರ ಕಣ್ಣು ಅದು. ಲೆನ್ಸ್ ಬದಲಿಸಿಕೊಟ್ಟೆ, ನನ್ನ ಖರ್ಚಿನಲ್ಲೇ. ಓಡಾಡುವ ಮಕ್ಕಳಿಗೆ ಈಗಲೂ ಪಾಲಿಕಾರ್ಬೊನೇಟನ್ನೇ ಕೊಡುತ್ತೇನೆ. ಬಿದ್ದರೆ ಕಣ್ಣು ಉಳಿಯಬೇಕಲ್ಲ.

ಮೊನ್ನೆ ಒಬ್ಬ ಅಜ್ಜಿ ಕಣ್ಣಿನ ಪೊರೆ ತೆಗೆಸಿಕೊಂಡು ಕನ್ನಡಕಕ್ಕೆ ಬಂದಿದ್ದರು. ಆಸ್ಪತ್ರೆಯವರು ಒಂದು ಕಾರ್ಡ್ ಕೊಟ್ಟಿದ್ದರು. ಒಳಗೆ ಕೂರಿಸಿದ ಲೆನ್ಸಿನ ಪವರ್ ಪ್ಲಸ್ 21 ಎಂದಿತ್ತು. ಮೊಮ್ಮಗ ಅದನ್ನು ಓದಿ ಹೇಳಿ ಅವರ ನಿದ್ದೆ ಕೆಡಿಸಿದ್ದ. ‘ನನಗೆ 21 ನಂಬರ್ ಬಂದುಬಿಟ್ಟಿತಾ?’ ಎಂದು ಗಾಬರಿಯಾಗಿದ್ದರು. ಪೊರೆ ಎಂದರೆ ಮಂಜಾದ ಒಳಗಿನ ಲೆನ್ಸೇ. ಆ 21 ಬಂದಿದ್ದು ತೆಗೆದ ಲೆನ್ಸಿನ ಜಾಗಕ್ಕೆ, ಅದು ಮೊದಲು ಮಾಡುತ್ತಿದ್ದ ಕೆಲಸಕ್ಕೆ. ಅದರ ಸುತ್ತ ಇರುವುದು ಗಾಳಿಯಲ್ಲ, ನೀರಿನಂಥ ದ್ರವ, ಇಂಡೆಕ್ಸ್ 1.336. ಅದೇ ಲೆನ್ಸನ್ನು ಹೊರಗೆ ತೆಗೆದು ಗಾಳಿಯಲ್ಲಿ ಹಿಡಿದರೆ ಪವರ್ ಎರಡೂವರೆ ಪಟ್ಟಿಗೂ ಹೆಚ್ಚು, 50 ದಾಟುತ್ತದೆ. ಗ್ಲಿಸರಿನ್ ಲೋಟ ಹೊರತೆಗೆದು ಕಡ್ಡಿ ಅದ್ದಿ ತೋರಿಸಿದೆ. ಅಜ್ಜಿ ಸುಮ್ನೆ ನೋಡಿದರು. ಕಡ್ಡಿಯನ್ನು ತಾವೇ ಮೇಲೆತ್ತಿದರು, ಮತ್ತೆ ಅದ್ದಿದರು. ಆಮೇಲೆ ಮೊಮ್ಮಗನ ಕಡೆ ತಿರುಗಿ ‘ಓದೋಕೆ ಬಂದರೆ ಸಾಲದು ಕಣೋ’ ಎಂದರು.