ಎಲ್ ನಿನೊ ಬಂದರೆ ಚಳ್ಳಕೆರೆಗೆ ಮಳೆ ಕಡಿಮೆಯೇ?

ಎಲ್ ನಿನೊ ಅಂದರೆ ಬರಗಾಲ ಅಂತ ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಬೇಡಿ. ನಮ್ಮ ಚಿತ್ರದುರ್ಗದ ಮಟ್ಟಿಗಂತೂ ಅದು ಅರ್ಧ ಉತ್ತರ.

ಮೊದಲು ಪೆಸಿಫಿಕ್. ಮಾಮೂಲಿ ವರ್ಷಗಳಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಬಿಸಿ ನೀರನ್ನು ಇಂಡೋನೇಷ್ಯಾ ಕಡೆ ತಳ್ಳುತ್ತವೆ. ಅಲ್ಲಿ ಸಮುದ್ರದ ಮೇಲ್ಮೈ 28 ಡಿಗ್ರಿ ದಾಟಿರುತ್ತದೆ. ಅದರ ಮೇಲಿನ ಗಾಳಿ ತೇವ ಹೊತ್ತು ಮೇಲೇಳುತ್ತದೆ, ದೊಡ್ಡ ಮೋಡ ಕಟ್ಟುತ್ತದೆ. ಕೆಲವು ವರ್ಷ ಈ ಮಾರುತಗಳು ಸೊರಗುತ್ತವೆ, ಬಿಸಿ ನೀರು ಪೂರ್ವಕ್ಕೆ ಹರಡುತ್ತದೆ. ಮಧ್ಯ ಪೆಸಿಫಿಕ್ ವಾಡಿಕೆಗಿಂತ 0.5 ಡಿಗ್ರಿಯಾದರೂ ಜಾಸ್ತಿ ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ಉಳಿದರೆ ಅದು ಎಲ್ ನಿನೊ. ಆಗ ಗಾಳಿ ಮೇಲೇಳುವ ಜಾಗವೂ ಪೂರ್ವಕ್ಕೆ ಸರಿಯುತ್ತದೆ. ಅಲ್ಲಿ ಎದ್ದ ಗಾಳಿ ಇನ್ನೆಲ್ಲೋ ಇಳಿಯಲೇಬೇಕಲ್ವಾ? ಅದು ಇಳಿಯುವುದು ನಮ್ಮ ಕಡೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಒಣಗುತ್ತದೆ. ಮೋಡ ಬಂದರೂ ಬೆಳೆಯುವುದಿಲ್ಲ. ಇದನ್ನು ಸುಮ್ನೆ ಬಾಯಿಪಾಠ ಮಾಡದೆ ಚಿತ್ರ ಬರೆದು ಕಲಿಯಿರಿ.

ಪೆಸಿಫಿಕ್‌ನ ಎರಡು ತುದಿಗಳ ಒತ್ತಡ ಹೀಗೆ ತೂಗಾಡುವುದನ್ನು 1920ರ ದಶಕದಲ್ಲಿ ವಿವರಿಸಿದವರು ಗಿಲ್ಬರ್ಟ್ ವಾಕರ್. ಅವರು ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದವರು. ಮುಂಗಾರನ್ನು ಮುಂಚೆಯೇ ತಿಳಿಯಬೇಕೆಂದೇ ಹುಡುಕಾಟ ಶುರು ಮಾಡಿದ್ದರು.

2002, 2009, 2015 ಮೂರೂ ಎಲ್ ನಿನೊ ವರ್ಷಗಳು, ಮೂರರಲ್ಲೂ ದೇಶಕ್ಕೆ ಮಳೆ ಕೊರತೆ. 2009ರಲ್ಲಿ ವಾಡಿಕೆಯ ಶೇ. 78 ಮಾತ್ರ. ಆದರೆ 1997ನ್ನು ಬಿಡಬೇಡಿ. ಶತಮಾನದ ಭಾರಿ ಎಲ್ ನಿನೊಗಳಲ್ಲಿ ಅದೂ ಒಂದು, ಆದರೂ ಮುಂಗಾರು ವಾಡಿಕೆಯಷ್ಟೇ ಬಂತು. ಆ ವರ್ಷ ಹಿಂದೂ ಮಹಾಸಾಗರದ ಆಫ್ರಿಕಾ ಬದಿ ಬಿಸಿಯಾಗಿತ್ತು, ಸುಮಾತ್ರಾ ಬದಿ ತಣ್ಣಗಿತ್ತು. ಇದೇ ಧನಾತ್ಮಕ ಡೈಪೋಲ್. ತಣ್ಣೀರಿನ ಮೇಲೆ ಗಾಳಿ ಇಳಿದು, ಬಂಗಾಳ ಕೊಲ್ಲಿಯ ಕಡೆ ತೇವ ಕೂಡಿಕೊಳ್ಳಲು ಅನುಕೂಲವಾಗುತ್ತದೆ. 2023ರಲ್ಲೂ ಎಲ್ ನಿನೊ ಜೊತೆ ಡೈಪೋಲ್ ಇತ್ತು, ಆದರೆ ಬಲಗೊಂಡದ್ದು ತಡವಾಗಿ. ಅಷ್ಟರಲ್ಲಿ ಆಗಸ್ಟ್ ಒಣಗಿಹೋಗಿತ್ತು.

ಲಾ ನಿನಾ ಅಂದರೆ ಎಲ್ ನಿನೊದ ಉಲ್ಟಾ. ಸತತ ಮೂರನೇ ಲಾ ನಿನಾ ವರ್ಷವಾದ 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಅದಕ್ಕೆ ಭದ್ರೆಯಿಂದ ಹರಿಸಿದ ನೀರೂ ಸೇರಿತ್ತು ಅನ್ನುವುದನ್ನು ಮರೆಯಬೇಡಿ.

ಈಗ ನಮ್ಮೂರಿಗೆ ಬರೋಣ. ಚಳ್ಳಕೆರೆ, ಜಗಳೂರು ಎರಡೂ ಘಟ್ಟದ ಮಳೆ ನೆರಳಿನಲ್ಲಿವೆ. ಇಲ್ಲಿ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲಕ್ಕೆ. ಎಲ್ ನಿನೊ ವರ್ಷಗಳಲ್ಲಿ ದಕ್ಷಿಣ ಭಾರತದ ಹಿಂಗಾರು ಸಾಮಾನ್ಯವಾಗಿ ಚುರುಕಾಗಿರುತ್ತದೆ. 2015ರ ಕೊನೆಗೆ ಚೆನ್ನೈ ಮುಳುಗಿದ್ದು ಅಂಥದ್ದೇ ವರ್ಷದಲ್ಲಿ. ಹಾಗಂತ ರೈತರಿಗೆ ನಷ್ಟ ತುಂಬಿಬರುವುದಿಲ್ಲ. ಶೇಂಗಾ ಹೂ ಬಿಟ್ಟು ಕಾಯಿ ಕಟ್ಟುವುದು ಆಗಸ್ಟ್ ಆಸುಪಾಸು. ಆಗ ಹೊಲ ಒಣಗಿದರೆ ಅಕ್ಟೋಬರ್ ಮಳೆ ಹಿಂಗಾರಿ ಕಡಲೆಗೆ, ಕೆರೆಗೆ ಆಗುತ್ತದೆ, ಆ ಶೇಂಗಾಕ್ಕೆ ಆಗುವುದಿಲ್ಲ.